ಎರಡು ಅಳು

ಶಿಷ್ಯೆ — ಮೇಷ್ಟ್ರೇ, ಆ ಫೋಟೋದಲ್ಲಿರುವ ಹುಡುಗನನ್ನು ಮೊದಲ ನೋಟಕ್ಕೆ ಗುರುತಿಸುವುದು ಕಷ್ಟ. 1886ರ ಮಾರ್ಚ್‌ನಲ್ಲಿ ಅಮೆರಿಕದ ಮೂಲನಿವಾಸಿಗಳಾದ ಅಪಾಚೆಗಳ ಮುಖಂಡ ಜೆರಾನಿಮೋ ಗಡಿಯಾಚೆ ಮೆಕ್ಸಿಕೋದ ಕಣಿವೆಯೊಂದರಲ್ಲಿ ಅಮೆರಿಕದ ಜನರಲ್ ಕ್ರೂಕ್ ಜತೆ ಮಾತುಕತೆಗೆ ಕೂತಾಗ ಸಿ. ಎಸ್. ಫ್ಲೈ ತೆಗೆದ ಚಿತ್ರ ಅದು. ಅಪಾಚೆ ಮಕ್ಕಳ ಗುಂಪಿನ ನಡುವೆ ಅವರಲ್ಲೊಬ್ಬನ ಹಾಗೆ ನಿಂತಿರುವವನು ಸ್ಯಾಂಟಿಯಾಗೊ ಮೆಕಿನ್, ಜನರ ಬಾಯಲ್ಲಿ ಜಿಮ್ಮಿ. ಹನ್ನೊಂದೋ ಹನ್ನೆರಡೋ ವಯಸ್ಸು. ಅಪ್ಪ ಐರ್ಲೆಂಡಿನವನು, ಅಮ್ಮ ಮೆಕ್ಸಿಕನ್, ನ್ಯೂ ಮೆಕ್ಸಿಕೋದ ಮಿಂಬ್ರೆಸ್ ನದಿಯ ಕಡೆ ವಾಸ. ಹಿಂದಿನ ಸೆಪ್ಟೆಂಬರ್‌ನಲ್ಲಿ ಜೆರಾನಿಮೋನ ದಂಡು ಇವನ ಅಣ್ಣನನ್ನು ಕೊಂದು ಇವನನ್ನು ಎತ್ತಿಕೊಂಡು ಹೋಗಿತ್ತು. ಆಗಿದ್ದದ್ದು ಆರೇ ತಿಂಗಳು. ಸೈನ್ಯದವರು ಅವನನ್ನು ಬಿಡಿಸಿ ಫೋರ್ಟ್ ಬೋವಿ ಎಂಬ ಸೇನಾ ಠಾಣೆಗೆ ತಂದು, ಅಪ್ಪ ಅಮ್ಮನ ಹತ್ತಿರ ಕಳಿಸುತ್ತೇವೆ ಅಂದರೆ ಹುಡುಗ ಗೊಳೋ ಎಂದು ಅತ್ತ, ಅಪಾಚೆ ಮಾತಿನಲ್ಲೇ ಹಟ ಮಾಡಿದ ಎಂದು ಪತ್ರಕರ್ತ ಚಾರ್ಲ್ಸ್ ಲುಮಿಸ್ ವರದಿ ಬರೆದ. ಇಂಗ್ಲಿಷೂ ಸ್ಪ್ಯಾನಿಷೂ ಅವನಿಗೆ ಅರ್ಥವಾಗುತ್ತಿತ್ತಂತೆ, ಬಾಯಿ ಬಿಡಿಸುವುದೇ ಕಷ್ಟವಾಯಿತಂತೆ. ಇದರಿಂದ ನನಗೆ ಸ್ಪಷ್ಟವಾಗಿ ಕಾಣುವುದು ಒಂದೇ. ಆ ಮಗುವಿಗೆ ತನ್ನ ಮನೆಗಿಂತ ಅಪಾಚೆಗಳ ಬದುಕೇ ಹಿತವಾಗಿತ್ತು.

ಮೇಷ್ಟ್ರು — ಸ್ಪಷ್ಟ ಅನ್ನುವ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಮ್ಮ. ಅದೇ ಸೀಮೆಯಲ್ಲಿ ಇನ್ನೊಂದು ಅಳು ಇದೆ, ಅದನ್ನೂ ಕೇಳಿಬಿಡು. 1871ರ ಏಪ್ರಿಲ್ 30ರ ಬೆಳಗಿನ ಜಾವ, ಅರಿಜೋನಾದ ಕ್ಯಾಂಪ್ ಗ್ರಾಂಟ್ ಎಂಬ ಸೇನಾ ಠಾಣೆಯ ಹತ್ತಿರ, ಸೈನ್ಯದ ಮಾತು ನಂಬಿ ಬೀಡುಬಿಟ್ಟಿದ್ದ ಅಪಾಚೆಗಳ ಮೇಲೆ ಟೂಸಾನ್ ಪಟ್ಟಣದ ಕಡೆಯಿಂದ ಬಂದ ಗುಂಪು ಬಿತ್ತು. ಬಿಳಿಯರು, ಮೆಕ್ಸಿಕನ್ನರು, ಅಪಾಚೆಗಳ ಹಳೇ ವೈರಿಗಳಾದ ಟೊಹೊನೊ ಓಡಮ್ ಜನ, ಮೂವರೂ ಸೇರಿದ್ದ ಗುಂಪು. ಸತ್ತವರು ನೂರಕ್ಕೂ ಹೆಚ್ಚು. ಗಂಡಸರು ಬೇಟೆಗೆಂದು ಬೆಟ್ಟ ಹತ್ತಿದ್ದರಿಂದ ಸತ್ತವರು ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು, ಮಕ್ಕಳು. ಮೂವತ್ತರ ಹತ್ತಿರ ಮಕ್ಕಳನ್ನು ಎತ್ತಿಕೊಂಡು ಹೋದರು. ಕೆಲವರನ್ನು ಮೆಕ್ಸಿಕೋದ ಸೊನೋರಾದಲ್ಲಿ ಮಾರಿದರು, ಕೆಲವರು ಟೂಸಾನಿನ ಮನೆಗಳಲ್ಲೇ ಉಳಿದರು. ಡಿಸೆಂಬರ್‌ನಲ್ಲಿ ಮೊಕದ್ದಮೆ ನಡೆದು ಜ್ಯೂರಿ 19 ನಿಮಿಷ ಕೂತು 100 ಆರೋಪಿಗಳನ್ನೂ ಬಿಟ್ಟು ಕಳಿಸಿತು. ಮರುವರ್ಷ ಮೇ ತಿಂಗಳಲ್ಲಿ ರಾಜಿಗೆಂದು ಬಂದ ಜನರಲ್ ಹೊವಾರ್ಡ್ ಮುಂದೆ ಅಪಾಚೆ ನಾಯಕ ಎಸ್ಕಿಮಿನ್‌ಜಿನ್ ಮತ್ತು ಅವನ ಜನ ತಮ್ಮ ಮಕ್ಕಳನ್ನು ಕೇಳಿದರು. ಟೂಸಾನಿನಿಂದ ಆರು ಮಕ್ಕಳನ್ನು ತಂದು ನಿಲ್ಲಿಸಿದರು. ಆ ಮಕ್ಕಳು ಅತ್ತವು. ಹೆತ್ತ ಕುಲದವರು ಕೈಚಾಚಿದರೆ, ಸಾಕಿದವರನ್ನು ತಬ್ಬಿ ಬಿಡಲೊಲ್ಲವು. ಯಾವ ಊರಿನವರು ಬಂದು ತಮ್ಮವರನ್ನು ಕೊಂದು ಹೋಗಿದ್ದರೋ ಆ ಊರಿನ ಜನವನ್ನೇ ತಬ್ಬಿಕೊಂಡಿದ್ದವು. ಕೊನೆಗೆ ಅಧ್ಯಕ್ಷರವರೆಗೆ ದೂರು ಹೋಗಿ, ಮಕ್ಕಳನ್ನು ಅಪಾಚೆಗಳಿಗೇ ಒಪ್ಪಿಸಬೇಕೆಂದು ತೀರ್ಮಾನವಾಯಿತು. ಜಿಮ್ಮಿಯ ಅಳು ಅಪಾಚೆ ಬದುಕಿನ ಹಿರಿಮೆಗೆ ಸಾಕ್ಷಿ ಅನ್ನುವುದಾದರೆ, ಈ ಆರು ಮಕ್ಕಳ ಅಳು ಯಾವುದರ ಹಿರಿಮೆಗೆ ಸಾಕ್ಷಿ?

ಶಿಷ್ಯೆ — ಆದರೂ ಇದನ್ನು ನಾನೊಬ್ಬಳೇ ಹೇಳುತ್ತಿಲ್ಲ, ಮೇಷ್ಟ್ರೇ. ಬೆಂಜಮಿನ್ ಫ್ರಾಂಕ್ಲಿನ್ 1753ರಲ್ಲೇ ಒಂದು ಕಾಗದದಲ್ಲಿ ಬರೆದಿದ್ದ. ಇಂಡಿಯನ್, ಅಂದರೆ ಅಮೆರಿಕದ ಮೂಲನಿವಾಸಿಗಳ, ಮಗುವನ್ನು ನಮ್ಮಲ್ಲಿ ಸಾಕಿ ಬೆಳೆಸಿದರೂ ಒಮ್ಮೆ ತನ್ನವರನ್ನು ನೋಡಲು ಹೋದರೆ ಹಿಂದಿರುಗುವುದಿಲ್ಲ, ಇಂಡಿಯನ್ನರ ಕೈಗೆ ಸಿಕ್ಕಿದ ಬಿಳಿಯರನ್ನು ಬಿಡಿಸಿ ತಂದರೆ ಅವರೂ ಇಲ್ಲಿ ನಿಲ್ಲುವುದಿಲ್ಲ, ಕಾಡಿಗೇ ಓಡುತ್ತಾರೆ ಎಂದು. ಎರಡು ಕಡೆಯಿಂದಲೂ ದಾರಿ ಒಂದೇ ದಿಕ್ಕಿಗೆ ಇದ್ದರೆ ಅದಕ್ಕೊಂದು ಅರ್ಥ ಇರಲೇಬೇಕಲ್ಲ?

ಮೇಷ್ಟ್ರು — ದಾರಿ ಒಂದೇ ದಿಕ್ಕಿಗೆ ಇದ್ದಿದ್ದರೆ ಖಂಡಿತ ಇರುತ್ತಿತ್ತು. ಫ್ರಾಂಕ್ಲಿನ್ ಬರೆದದ್ದು ಪೂರ್ವ ತೀರದಲ್ಲಿ ಕೂತು, ಬೇರೆ ಕುಲಗಳ ವಿಷಯ. ಅಪಾಚೆ ಸೀಮೆಗೆ ಅವನ ಮಾತನ್ನು ತಂದು ತೂಗಿದರೆ ಅರ್ಧ ನಿಲ್ಲುತ್ತದೆ, ಅರ್ಧ ಬೀಳುತ್ತದೆ. ಜಿಮ್ಮಿ ಅವನ ಪರ ಸಾಕ್ಷಿ, ಟೂಸಾನಿನ ಆರು ಮಕ್ಕಳು ಅವನ ವಿರುದ್ಧ. ಅಪಾಚೆ ಮಕ್ಕಳೇ ಅಪಾಚೆಗಳ ಹತ್ತಿರ ಹೋಗಲೊಲ್ಲದೆ ಅತ್ತದ್ದನ್ನು ಅವನ ಸೂತ್ರ ವಿವರಿಸಲಾರದು. ಕಾಡಿನ ಸ್ವಾತಂತ್ರ್ಯ, ಕುದುರೆ, ಬಿಲ್ಲು, ಪಾಠಶಾಲೆ ಇಲ್ಲದ ಬಾಲ್ಯ, ಇವೆಲ್ಲ ದೊಡ್ಡವರು ತಮ್ಮ ನಾಗರಿಕತೆಯ ಮೇಲೆ ಬೇಸರ ಬಂದಾಗ ಮಗುವಿನ ಬಾಯಲ್ಲಿ ತುರುಕುವ ಮಾತು. ಎರಡು ಅಳುವನ್ನೂ ಒಟ್ಟಿಗೆ ವಿವರಿಸುವ ಕಾರಣ ಇದಕ್ಕಿಂತ ಸಣ್ಣದು. ಎತ್ತಿಕೊಂಡು ಹೋದ ಮೇಲೆ ಯಾರು ಉಣ್ಣಿಸಿದರೋ, ಯಾರ ಮಗ್ಗುಲಲ್ಲಿ ಮಲಗಿತೋ, ಯಾರು ಹೆಸರಿಟ್ಟು ಕರೆದರೋ ಮಗು ಅವರದಾಗಿರುತ್ತದೆ. ಆಮೇಲೆ ಬಂದು ಎಳೆಯುವವನು, ಹೆತ್ತವರ ಕಡೆಯವನೇ ಆಗಿದ್ದರೂ, ಇನ್ನೊಮ್ಮೆ ಎತ್ತಿಕೊಂಡು ಹೋಗಲು ಬಂದವನೇ. ನಾನು ವಾದಿಸುವುದು ಇಷ್ಟನ್ನೇ. ಬಿಡುಗಡೆ ಅನ್ನುವುದು ದೊಡ್ಡವರ ಲೆಕ್ಕದ ಪದ, ಮಗುವಿನ ಲೆಕ್ಕದಲ್ಲಿ ಅದು ಎರಡನೆಯ ಸೆರೆ.

ಶಿಷ್ಯೆ — ಅಷ್ಟು ಮೃದುವಾಗಿ ಹೇಳಿದರೆ ಮೊದಲನೆಯ ಸೆರೆಯ ರಕ್ತ ಕಾಣುವುದೇ ಇಲ್ಲ. ಜಿಮ್ಮಿಯ ಅಣ್ಣ ಸತ್ತಿದ್ದಾನೆ. ಟೆಕ್ಸಸ್ಸಿನ ಹರ್ಮನ್ ಲೇಮನ್‌ಗೆ, ನಿನ್ನ ಮನೆಯವರನ್ನೆಲ್ಲ ಕೊಂದುಬಿಟ್ಟೆವು ಎಂದು ಅಪಾಚೆಗಳು ಸುಳ್ಳು ಹೇಳಿದ್ದರು, ಓಡಿಹೋಗುವ ಆಸೆಯೇ ಸಾಯಲಿ ಅಂತ. ಹೆದರಿಸಿ, ಹೊಡೆದು, ದಿಕ್ಕಿಲ್ಲದಂತೆ ಮಾಡಿ ಪಡೆದ ಪ್ರೀತಿಯನ್ನು ಪ್ರೀತಿ ಅನ್ನಬಹುದೇ?

ಮೇಷ್ಟ್ರು — ಲೇಮನ್ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ನಿನ್ನ ಪ್ರಶ್ನೆಗೆ ಅವನಷ್ಟು ಒಳ್ಳೆಯ ಸಾಕ್ಷಿ ಇನ್ನೊಬ್ಬನಿಲ್ಲ. ಜರ್ಮನ್ ವಲಸಿಗರ ಮಗ. 1870ರ ಮೇ 16ರಂದು, ಇನ್ನೇನು ಹನ್ನೊಂದು ತುಂಬಬೇಕು ಅನ್ನುವಾಗ, ಲಾಯಲ್ ವ್ಯಾಲಿ ಅನ್ನುವ ಹಳ್ಳಿಯ ಹತ್ತಿರ ಗೋಧಿ ಹೊಲದಲ್ಲಿ ತಮ್ಮ ತಂಗಿಯರ ಜತೆ ಹಕ್ಕಿ ಓಡಿಸುತ್ತಿದ್ದವನನ್ನು ಹಿಡಿದರು. ತಮ್ಮ ವಿಲ್ಲಿಯನ್ನೂ ಹಿಡಿದಿದ್ದರು. ನಾಲ್ಕೇ ದಿನದಲ್ಲಿ ಸಾರ್ಜೆಂಟ್ ಇಮ್ಯಾನ್ಯುಯಲ್ ಸ್ಟ್ಯಾನ್ಸ್ ಎಂಬ ಕಪ್ಪು ಸೈನಿಕನ ಪಡೆ ಎದುರಾಗಿ, ಆ ಗಲಾಟೆಯಲ್ಲಿ ತಮ್ಮ ಬಿಟ್ಟುಹೋದ, ಮನೆ ಸೇರಿದ. ಅಣ್ಣ ಉಳಿದ. ಮೊದಲ ದಿನಗಳಲ್ಲಿ ಏಟು, ಹಸಿವು, ಕಟ್ಟಿಹಾಕುವುದು ಎಲ್ಲ ಇತ್ತು, ಅದನ್ನು ಅವನೂ ಮುಚ್ಚಿಟ್ಟಿಲ್ಲ, ನಾನೂ ಮುಚ್ಚಿಡುವುದಿಲ್ಲ. ಆಮೇಲೆ ಕಾರ್ನೊವಿಸ್ಟೆ ಎಂಬವನು ಅವನನ್ನು ತನ್ನವನನ್ನಾಗಿ ಮಾಡಿಕೊಂಡ. ಬಿಳಿ ಹುಡುಗ ಎಂಬ ಅರ್ಥದ ಎನ್ ದಾ ಅನ್ನುವ ಹೆಸರು ಬಿತ್ತು. ನೀರು ಹೊರುವುದು, ಸೌದೆ ತರುವುದು, ಕುದುರೆ ಕಾಯುವುದು, ಬಾಣ ಮಾಡುವುದು, ಕೊನೆಗೆ ದಾಳಿಗೆ ಹೋಗುವುದು. ಬೇರೆ ಅಪಾಚೆ ಹುಡುಗರು ಕಲಿತ ವರಸೆಯನ್ನೇ ಇವನೂ ಕಲಿತ. ಅಪಾಚೆಗಳು ಬೆಳೆದ ಗಂಡಸರನ್ನು ಸಾಮಾನ್ಯವಾಗಿ ಉಳಿಸುತ್ತಿರಲಿಲ್ಲ. ಇಂಥ ವಯಸ್ಸಿನ ಹುಡುಗರನ್ನು ಉಳಿಸುತ್ತಿದ್ದದ್ದು ಕರುಣೆಯಿಂದಲ್ಲ, ಲೆಕ್ಕಾಚಾರದಿಂದ. ಅವರಲ್ಲೂ ಮನೆಗಳು ಖಾಲಿಯಾಗುತ್ತಿದ್ದವು. ಜೆರಾನಿಮೋನ ತಾಯಿ, ಹೆಂಡತಿ, ಮೂರು ಮಕ್ಕಳನ್ನು ಮೆಕ್ಸಿಕೋದ ಸೈನಿಕರು ಒಂದೇ ದಿನ ಕೊಂದಿದ್ದರು. ಮೆಕ್ಸಿಕೋದ ಉತ್ತರ ಪ್ರಾಂತಗಳು ಅಪಾಚೆ ನೆತ್ತಿಗೆ ಇನಾಮು ಕಟ್ಟಿದ್ದವು. ಸತ್ತವನ ಜಾಗದಲ್ಲಿ ಬದುಕಿರುವ ಹುಡುಗನನ್ನು ಕೂರಿಸುವುದು ಆ ಜನ ಕಂಡುಕೊಂಡ ಉಪಾಯ. ಉಪಾಯ ಕ್ರೂರ, ಒಪ್ಪಿದೆ. ಆದರೆ ಕೂರಿಸಿದ ಮೇಲೆ ಅವನು ಆ ಮನೆಯ ಮಗನೇ ಆಗುತ್ತಿದ್ದ, ಆಳಾಗಿ ಉಳಿಯುತ್ತಿರಲಿಲ್ಲ. ಮಂತ್ರವಾದಿಯೊಬ್ಬ ಕಾರ್ನೊವಿಸ್ಟೆಯನ್ನು ಕೊಂದಾಗ ಲೇಮನ್ ಆ ಮಂತ್ರವಾದಿಯನ್ನು ಕೊಂದು ಸೇಡು ತೀರಿಸಿದ. ಹೆದರಿಕೆಯಿಂದ ನಿಂತವನು, ಹೆದರಿಸುವವನು ಸತ್ತ ರಾತ್ರಿ ಮನೆಯ ದಾರಿ ಹಿಡಿಯುತ್ತಾನೆ. ಇವನು ಸತ್ತವನಿಗಾಗಿ ಕೊಲೆ ಮಾಡಿ, ಅಪಾಚೆಗಳ ಕೈಗೂ ಸಿಗದೆ ಬೆಟ್ಟದ ಕಣಿವೆಗಳಲ್ಲಿ ಒಬ್ಬನೇ ತಿಂಗಳುಗಟ್ಟಲೆ ತಲೆಮರೆಸಿಕೊಂಡಿದ್ದು, ಕೊನೆಗೆ ಹೋಗಿ ಸೇರಿದ್ದು ಕಮಾಂಚೆ ಎಂಬ ಇನ್ನೊಂದು ಕುಲದವರನ್ನು. ಟೆಕ್ಸಸ್ಸಿನ ಕಡೆ ತಲೆ ಹಾಕಲಿಲ್ಲ.

ಶಿಷ್ಯೆ — ಅದೆಲ್ಲ ಅವನ ಪುಸ್ತಕದ ಮಾತು. ಅವನು ಓದು ಬರಹದವನಲ್ಲ. 1899ರಲ್ಲಿ ಒಬ್ಬರು ಬರೆದುಕೊಟ್ಟರು, 1927ರಲ್ಲಿ ಮಾರ್ವಿನ್ ಹಂಟರ್ ಇನ್ನೊಮ್ಮೆ ಬರೆದುಕೊಟ್ಟರು. ಅಷ್ಟರಲ್ಲಿ ಲೇಮನ್ ಜಾತ್ರೆಗಳಲ್ಲಿ ಇಂಡಿಯನ್ ವೇಷ ತೊಟ್ಟು, ಕರುವನ್ನು ಕುದುರೆಯಿಂದ ಅಟ್ಟಿ ಬಾಣದಿಂದ ಕೊಂದು, ಅದರ ಪಿತ್ತಜನಕಾಂಗವನ್ನು ಹಸಿಯಾಗಿ ತಿಂದು ಜನರನ್ನು ಬೆರಗುಗೊಳಿಸುವ ಆಟಗಾರನಾಗಿದ್ದ. ಅಂಥವನ ನೆನಪನ್ನು ಸಾಕ್ಷಿ ಅಂದರೆ ಹೇಗೆ?

ಮೇಷ್ಟ್ರು — ನಿನ್ನ ಅನುಮಾನ ಸರಿಯಾದದ್ದೇ. ಜಾತ್ರೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಭಾಗಗಳನ್ನೆಲ್ಲ ಪಕ್ಕಕ್ಕಿಡು. ಎಷ್ಟು ಮಂದಿಯನ್ನು ಕೊಂದೆ, ಎಷ್ಟು ಕುದುರೆ ಕದ್ದೆ ಅನ್ನುವುದನ್ನು ನಾನೂ ನೆಚ್ಚುವುದಿಲ್ಲ. ಎದುರು ಪಾಳಯದವನೂ ಹೇಳಿದ ಮಾತೊಂದಿದೆ, ಅದನ್ನು ತಗೋ. 1875ರ ಆಗಸ್ಟ್‌ನಲ್ಲಿ ಟೆಕ್ಸಸ್ ರೇಂಜರ್ ಪಡೆಯವರು ಅಪಾಚೆಗಳ ಗುಂಪೊಂದನ್ನು ಬಯಲಲ್ಲಿ ಅಟ್ಟಿಸಿಕೊಂಡು ಹೋದರು. ಒಂದು ಕುದುರೆಗೆ ಗುಂಡು ಬಿದ್ದು ಸವಾರ ಅದರ ಅಡಿಗೆ ಸಿಕ್ಕಿಕೊಂಡ. ಜೇಮ್ಸ್ ಗಿಲೆಟ್ ಎಂಬ ರೇಂಜರ್ ಬಂದೂಕು ಎತ್ತಿದವನು, ಕೆಳಗಿರುವುದು ಬಿಳಿಯ ಹುಡುಗ ಎಂದು ಕಂಡು ಕೈ ತಡೆದ. ಉಳಿದವರನ್ನು ಅಟ್ಟಲು ಮುಂದೆ ಹೋಗಿ, ಈ ಹುಡುಗನನ್ನು ಕರೆದುಕೊಂಡು ಹೋಗಲೆಂದು ತಿರುಗಿ ಬಂದರೆ ಕುದುರೆ ಮಾತ್ರ ಬಿದ್ದಿತ್ತು, ಹುಡುಗ ಹುಲ್ಲಿನಲ್ಲಿ ತೆವಳಿಕೊಂಡು ಮಾಯವಾಗಿದ್ದ. ಎಷ್ಟೋ ಹುಡುಕಿದರು, ಸಿಗಲಿಲ್ಲ. ಗಿಲೆಟ್ ಇದನ್ನು ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಮುದುಕರಾದ ಮೇಲೆ ಇಬ್ಬರೂ ಭೇಟಿಯಾದರು. ಬಿಡುಗಡೆ ಕೈಯಳತೆಯಲ್ಲಿ ನಿಂತಿದ್ದಾಗ ಲೇಮನ್ ಹುಲ್ಲಿನಲ್ಲಿ ಉಸಿರು ಹಿಡಿದು ಮಲಗಿದ್ದ ಅನ್ನುವುದಕ್ಕೆ ಅವನ ಮಾತೊಂದೇ ಆಧಾರವಲ್ಲ. ಇನ್ನೊಂದು ಸಂಗತಿ ಅವನಿಗೆ ಹೊಗಳಿಕೆ ತರುವಂಥದ್ದೇ ಅಲ್ಲ, ಅದಕ್ಕೇ ನಂಬಬಹುದು. 1878ರ ಮೇ ತಿಂಗಳಲ್ಲಿ ಸೈನಿಕರು ಅವನನ್ನು ಲಾಯಲ್ ವ್ಯಾಲಿಗೆ ತಂದು ಬಿಟ್ಟಾಗ ತಾಯಿಗೆ ಮಗನ ಗುರುತು ಹತ್ತಲಿಲ್ಲ, ಮಗನಿಗೆ ತಾಯಿಯ ಗುರುತು ಹತ್ತಲಿಲ್ಲ. ಕೈಮೇಲಿನ ಒಂದು ಗಾಯದ ಕಲೆಯನ್ನು ಅಕ್ಕ ಕಂಡುಹಿಡಿದಳು. ಚಿಕ್ಕಂದಿನಲ್ಲಿ ಅವಳ ಕೈಯ ಕೊಡಲಿ ತಾಗಿ ಆದ ಗಾಯ. ಮನೆಯವರೆಲ್ಲ ಹರ್ಮನ್, ಹರ್ಮನ್ ಎಂದು ಕೂಗುತ್ತಿದ್ದರೆ ಅದು ಎಲ್ಲೋ ಕೇಳಿದ ಸದ್ದು ಅನ್ನಿಸಿ, ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಹೊಳೆಯಿತು, ಅದು ತನ್ನದೇ ಹೆಸರು ಎಂದು. ತಾಯ್ನುಡಿ ಜರ್ಮನ್ ಪೂರ್ತಿ ಹೋಗಿತ್ತು. ಮಂಚದ ಮೇಲೆ ಮಲಗಲಾರ, ಹಂದಿಮಾಂಸ ತಿನ್ನಲಾರ. ತಮ್ಮ ವಿಲ್ಲಿ ಅವನಿಗೆ ಕಾವಲೂ ಆದ, ಗುರುವೂ ಆದ.

ಶಿಷ್ಯೆ — ಹಾಗಾದರೆ ಬಿಟ್ಟುಬಿಡಬೇಕಿತ್ತೇ? ಎಂಟು ವರ್ಷ ದಾರಿ ಕಾದ ಆ ತಾಯಿಗೆ ಯಾರು ಲೆಕ್ಕ ಕೊಡುತ್ತಾರೆ, ಮೇಷ್ಟ್ರೇ? ಎಸ್ಕಿಮಿನ್‌ಜಿನ್‌ನ ಜನ ತಮ್ಮ ಮಕ್ಕಳನ್ನು ಕೇಳಿದ್ದು ತಪ್ಪೇ? ನಿಮ್ಮ ವಾದವನ್ನು ಹಿಡಿದು ಹೊರಟರೆ, ಕದ್ದವನು ಸ್ವಲ್ಪ ಕಾಲ ಚೆನ್ನಾಗಿ ನೋಡಿಕೊಂಡರೆ ಸಾಕು, ಮಗು ಅವನದೇ ಆಗಿಬಿಡುತ್ತದೆ.

ಮೇಷ್ಟ್ರು — ಇದು ನಿಜವಾಗಿಯೂ ಕಚ್ಚುವ ಪ್ರಶ್ನೆ, ಇದಕ್ಕೆ ಪೂರ್ತಿ ಸಮಾಧಾನ ನನ್ನಲ್ಲಿಲ್ಲ. ಕದ್ದವನಿಗೆ ಹಕ್ಕು ಹುಟ್ಟುತ್ತದೆ ಎಂದು ನಾನು ಹೇಳಲಾರೆ. ತಾಯಿಯ ಹಕ್ಕು ಹಾಗೇ ಉಳಿಯುತ್ತದೆ. ಆದರೆ ಹಕ್ಕು ಇರುವುದು ಬೇರೆ, ಅದನ್ನು ಚಲಾಯಿಸುವ ಬಗೆ ಬೇರೆ. ಇದನ್ನು ಆ ಕಾಲದಲ್ಲಿ ಸರಿಯಾಗಿ ಅರಿತಿದ್ದ ಒಬ್ಬನೆಂದರೆ ಕಮಾಂಚೆಗಳ ನಾಯಕ ಕ್ವಾನಾ ಪಾರ್ಕರ್. ಅವನ ತಾಯಿ ಸಿಂಥಿಯಾ ಆನ್ ಬಿಳಿಯರ ಮಗಳು. 1836ರಲ್ಲಿ ಒಂಬತ್ತರ ವಯಸ್ಸಿನಲ್ಲಿ ಕಮಾಂಚೆಗಳ ಕೈಗೆ ಸಿಕ್ಕಿ, ಅಲ್ಲೇ ಮದುವೆಯಾಗಿ ಮಕ್ಕಳನ್ನು ಹೆತ್ತಿದ್ದಳು. 1860ರ ಡಿಸೆಂಬರ್‌ನಲ್ಲಿ ರೇಂಜರ್‌ಗಳು ಅವಳನ್ನು ‘ಬಿಡಿಸಿ’ ತಂದರು. ಮತ್ತೆ ಮತ್ತೆ ಓಡಿಹೋಗಲು ನೋಡಿದಳು, ಕಂಕುಳಲ್ಲಿದ್ದ ಮಗಳು ಸತ್ತಳು, ಗಂಡುಮಕ್ಕಳ ಮುಖ ಸಾಯುವವರೆಗೂ ಕಾಣಲಿಲ್ಲ. ಆ ತಾಯಿಯ ಮಗನೇ ಲೇಮನ್‌ನನ್ನು ಕೂರಿಸಿಕೊಂಡು, ನಿನ್ನ ತಾಯಿ ಬದುಕಿದ್ದಾಳೆ, ಹೋಗು ಎಂದು ಒಪ್ಪಿಸಿದವನು. ಮಕ್ಕಳನ್ನು ಕಳೆದುಕೊಂಡ ತಾಯಿ ಹೇಗಿರುತ್ತಾಳೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರಳಿ ಕಳಿಸುವುದೇ ಸರಿ ಅನ್ನುವ ಸಂದರ್ಭದಲ್ಲೂ ಅದು ಮಗುವಿನಿಂದ ಏನನ್ನೋ ಕಿತ್ತುಕೊಳ್ಳುವ ಕೆಲಸ ಎಂದು ಒಪ್ಪಿಕೊಂಡು ಮಾಡುವುದಕ್ಕೂ, ಇದು ಪುಣ್ಯಕಾರ್ಯ, ಅಳುವುದು ಮಗುವಿನ ಹುಚ್ಚು ಅಂದುಕೊಂಡು ಮಾಡುವುದಕ್ಕೂ ಅಜಗಜಾಂತರ. ಲುಮಿಸ್ ಮುಂತಾದವರ ಬರಹದಲ್ಲಿ ಜಿಮ್ಮಿಯ ಅಳು ವಿಚಿತ್ರವಾಗಿ, ಸ್ವಲ್ಪ ನಗೆಯ ವಿಷಯವಾಗಿ ಕಾಣುತ್ತದೆ, ಹುಡುಗ ಕಾಡಾಗಿಬಿಟ್ಟಿದ್ದಾನೆ ಎಂಬಂತೆ. ಅಪಾಚೆ ಮಗು ಟೂಸಾನಿನವರನ್ನು ತಬ್ಬಿ ಅತ್ತಾಗ ಅದೇ ಜನಕ್ಕೆ ಅದು ಸಂಸ್ಕಾರ ಹತ್ತಿದ ಲಕ್ಷಣ. ಮಗು ಅತ್ತದ್ದು ಎರಡು ಕಡೆಯೂ ಒಂದೇ ಅಳು, ತೀರ್ಪು ಮಾತ್ರ ಎರಡು.

ಶಿಷ್ಯೆ — ತೀರ್ಪು ಎರಡಾಗಿತ್ತು ಅನ್ನುವುದಕ್ಕೆ ಟೂಸಾನ್ ಒಂದೇ ಸಾಕೇ? ಅದು ಪುಂಡರ ಗುಂಪು, ಸರ್ಕಾರ ಅಲ್ಲ.

ಮೇಷ್ಟ್ರು — ಸರ್ಕಾರದ ಕತೆ ಇನ್ನೂ ದೊಡ್ಡದು. ಜಿಮ್ಮಿಯನ್ನು ಬಿಡಿಸಿದ ಅದೇ 1886ರಲ್ಲಿ, ಸೆಪ್ಟೆಂಬರ್ 4ರಂದು ಜೆರಾನಿಮೋ ಶರಣಾದ. ಅವನ ಚಿರಿಕಾವಾ ಅಪಾಚೆಗಳನ್ನೆಲ್ಲ, ಸೈನ್ಯಕ್ಕೆ ದಾರಿ ತೋರಿಸಿ ದುಡಿದವರನ್ನೂ ಬಿಡದೆ, ಹೆಂಗಸರು ಮಕ್ಕಳ ಸಮೇತ ರೈಲು ಹತ್ತಿಸಿ ಫ್ಲಾರಿಡಾಕ್ಕೆ ಸೆರೆಯಾಳುಗಳಾಗಿ ಕಳಿಸಿದರು. ಅವರ ಸೆರೆ ಮುಗಿದದ್ದು 27 ವರ್ಷದ ಮೇಲೆ. ಅಲ್ಲಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು, ಹರೆಯದವರನ್ನು ಆರಿಸಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಗೆ ಸಾಗಿಸಿದರು. 1879ರಲ್ಲಿ ರಿಚರ್ಡ್ ಪ್ರ್ಯಾಟ್ ಎಂಬ ಸೇನಾಧಿಕಾರಿ ಕಟ್ಟಿದ ಶಾಲೆ ಅದು, ಇಂಡಿಯನ್‌ತನವನ್ನು ಸಾಯಿಸಿ ಮನುಷ್ಯನನ್ನು ಉಳಿಸಬೇಕು ಅನ್ನುವುದು ಅವನ ಬಹಿರಂಗ ಸಿದ್ಧಾಂತ. ತಲೆಗೂದಲು ಕತ್ತರಿಸಿದರು, ಇಂಗ್ಲಿಷ್ ಹೆಸರಿಟ್ಟರು, ಮನೆಮಾತು ಆಡಬಾರದೆಂದರು. ಕ್ಷಯರೋಗ ಬಂದು ಎಷ್ಟೋ ಮಕ್ಕಳು ಸತ್ತವು. ಲೇಮನ್‌ಗೆ ಅಪಾಚೆಗಳು ಮಾಡಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹೇಳು ನೋಡೋಣ. ಹೊಸ ಹೆಸರು, ಹೊಸ ಮಾತು, ಹೊಸ ಉಡುಪು, ಹಳೆಯದೆಲ್ಲ ಸತ್ತಿತೆಂದುಕೋ ಅನ್ನುವ ಅಪ್ಪಣೆ. ಒಂದಕ್ಕೆ ಸೆರೆ ಎಂದು ಹೆಸರು, ಇನ್ನೊಂದಕ್ಕೆ ವಿದ್ಯಾಭ್ಯಾಸ ಎಂದು.

ಶಿಷ್ಯೆ — ವ್ಯತ್ಯಾಸ ಇದೆ. ಕಾರ್ಲೈಲ್‌ನಲ್ಲಿ ಓದಿದ ಜೇಸನ್ ಬೆಟ್ಸಿನೆಸ್, ಜೆರಾನಿಮೋನ ನೆಂಟನೇ, ಪ್ರ್ಯಾಟ್‌ನನ್ನು ಸಾಯುವವರೆಗೂ ಕೃತಜ್ಞತೆಯಿಂದ ನೆನೆದ. ಕಸುಬು ಕಲಿತು ತನ್ನ ಕಾಲ ಮೇಲೆ ನಿಂತ.

ಮೇಷ್ಟ್ರು — ನೆನೆದ, ನಿಜ. ಅದೇ ಶಾಲೆಗೆ ಹೋದ ಡಕ್ಲುಗಿ, ಅವನೂ ಜೆರಾನಿಮೋನ ನೆಂಟನೇ, ಕೂದಲು ಕತ್ತರಿಸಿದ್ದನ್ನು ಮುಪ್ಪಿನವರೆಗೂ ಕ್ಷಮಿಸಲಿಲ್ಲ. ನೀನು ಕೊಟ್ಟ ಉದಾಹರಣೆ ನನ್ನ ವಾದವನ್ನೇ ಗಟ್ಟಿ ಮಾಡುತ್ತದಮ್ಮ. ಬೆಟ್ಸಿನೆಸ್‌ನ ಕೃತಜ್ಞತೆಯಿಂದ ಆ ಮಕ್ಕಳನ್ನು ಎಳೆದೊಯ್ದದ್ದು ಸರಿ ಎಂದಾಗುವುದಿಲ್ಲ, ಲೇಮನ್‌ನ ಪ್ರೀತಿಯಿಂದ ಗೋಧಿ ಹೊಲದ ದಾಳಿ ಸರಿ ಎಂದಾಗುವುದಿಲ್ಲ. ಬದುಕುಳಿದ ಮಗು ತನ್ನ ಬದುಕಿಗೆ ಒಗ್ಗಿಕೊಳ್ಳುತ್ತದೆ. ಆ ಒಗ್ಗುವಿಕೆಯನ್ನು ಕದ್ದವನು ತನ್ನ ಪರ ರಸೀದಿ ಮಾಡಿಕೊಳ್ಳಬಾರದು. ಬದುಕಿ ಉಳಿಯದವರ ಮಾತು ನಮಗೆ ಕೇಳಿಸುವುದೂ ಇಲ್ಲ. 1883ರ ಮಾರ್ಚ್‌ನಲ್ಲಿ ನ್ಯೂ ಮೆಕ್ಸಿಕೋದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕೊಂದು ಅಪಾಚೆಗಳು ಒಯ್ದ ಆರು ವರ್ಷದ ಚಾರ್ಲಿ ಮೆಕೋಮಾಸ್ ಮತ್ತೆ ಸಿಗಲೇ ಇಲ್ಲ. ಅವನು ಅತ್ತನೋ, ಒಗ್ಗಿಕೊಂಡನೋ, ಯಾರ ಪುಸ್ತಕದಲ್ಲೂ ಬಂದಿಲ್ಲ. ಒಗ್ಗಿಕೊಂಡ ಮೇಲೂ ಒಳಗೊಂದು ಎಳೆ ಉಳಿದಿರುತ್ತದೆ ಅನ್ನುವುದಕ್ಕೆ ಕಾರ್ಲೋಸ್ ಮಾಂಟೆಜುಮಾ ಇದ್ದಾನೆ. ಅಪಾಚೆಗಳ ನೆರೆಯ ಯಾವಪಾಯ್ ಕುಲದವನು, ಬದುಕಿದ್ದಷ್ಟು ಕಾಲ ಜನ ಅವನನ್ನು ಅಪಾಚೆ ಎಂದೇ ಕರೆದರು. 1871ರಲ್ಲಿ, ಐದು ವರ್ಷದ ಆಸುಪಾಸಿನಲ್ಲಿ, ಪೀಮಾ ಜನ ಹಿಡಿದು ಒಬ್ಬ ಇಟಾಲಿಯನ್ ಫೋಟೋಗ್ರಾಫರ್‌ಗೆ 30 ಡಾಲರ್‌ಗೆ ಮಾರಿದರು. ಕೊಂಡವನು ಪ್ರೀತಿಯಿಂದಲೇ ಸಾಕಿದ. ಹುಡುಗ 1889ರಲ್ಲಿ ಷಿಕಾಗೋದಲ್ಲಿ ವೈದ್ಯಕೀಯ ಪದವಿ ಪಡೆದ, ಕಾರ್ಲೈಲ್ ಶಾಲೆಯಲ್ಲೇ ಡಾಕ್ಟರಾಗಿ ಕೆಲಸ ಮಾಡಿದ, ಪ್ರ್ಯಾಟ್‌ನ ಸ್ನೇಹಿತನೂ ಆಗಿದ್ದ. ಬಿಳಿಯರ ಮಾದರಿಯ ಮಗ ಅಂದರೆ ಅವನೇ. ನಲವತ್ತರ ಹೊಸ್ತಿಲಲ್ಲಿ ನೆಂಟರನ್ನು ಹುಡುಕಿಕೊಂಡು ಅರಿಜೋನಾಕ್ಕೆ ಹೋದ, ಅವರ ಜಮೀನು ನೀರಿಗಾಗಿ ಸರ್ಕಾರದೊಡನೆ ಕಾದಾಡಿದ, ತನ್ನ ಹಳೇ ಹೆಸರು ವಸಾಜಾ ಎಂಬುದನ್ನೇ ತಾನು ನಡೆಸಿದ ಪತ್ರಿಕೆಗೆ ಇಟ್ಟ. ಕ್ಷಯ ಹತ್ತಿದ ಮೇಲೆ ಷಿಕಾಗೋದ ಆಸ್ಪತ್ರೆಗಳನ್ನೆಲ್ಲ ಬಿಟ್ಟು ಅರಿಜೋನಾದಲ್ಲಿ ತನ್ನ ಜನರಿದ್ದ ಫೋರ್ಟ್ ಮೆಕ್‌ಡೊವೆಲ್‌ಗೆ ಬಂದು, ಸೊಪ್ಪುಸದೆಯ ಗುಡಿಸಿಲಲ್ಲಿ ಮಲಗಿ 1923ರ ಜನವರಿಯಲ್ಲಿ ಪ್ರಾಣ ಬಿಟ್ಟ.

ಶಿಷ್ಯೆ — ಅಂದರೆ ಕೊನೆಗೆ ರಕ್ತವೇ ಗೆದ್ದಿತು ಅಂತಲೇ? ಹಾಗಾದರೆ ಉಣ್ಣಿಸಿದವರ ಮಗು ಅನ್ನುವ ನಿಮ್ಮ ಮೊದಲಿನ ಮಾತು ಬಿತ್ತು.

ಮೇಷ್ಟ್ರು — ರಕ್ತ ಗೆದ್ದಿದ್ದರೆ ಲೇಮನ್ ಟೆಕ್ಸಸ್ಸಿನ ಅಪ್ಪಟ ಜರ್ಮನ್ ರೈತನಾಗಿ ಮುದುಕನಾಗಬೇಕಿತ್ತು, ಆಗಲಿಲ್ಲವಲ್ಲ. ಮಾಂಟೆಜುಮಾ ಹೋದದ್ದು ಬೆಳೆದ ಮೇಲೆ, ತನ್ನ ಕಾಲಲ್ಲಿ ತಾನೇ ನಡೆದು. ಯಾರೂ ರೈಲು ಹತ್ತಿಸಿ ಕಳಿಸಲಿಲ್ಲ. ಎರಡು ಕಡೆಯವನಾಗಿ ಬೆಳೆದ ಮನುಷ್ಯನಿಗೆ ಯಾವ ಕಡೆ ಎಷ್ಟು ಅನ್ನುವುದನ್ನು ತಾನೇ ತೀರ್ಮಾನಿಸಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅವನೊಂದು ಗುರುತು. ಲೇಮನ್ ಇನ್ನೊಂದು ಗುರುತು. ಅವನೂ ಮದುವೆಯಾದ, ಮಕ್ಕಳಾದವು, ತಾಯಿಯ ಊರಿನಲ್ಲಿ ಬದುಕಿದ, ತಾಯಿಯನ್ನು ಪ್ರೀತಿಸಿದ. ಆದರೆ ಯಾರು ಎಂದು ಕೇಳಿದರೆ ಇಂಡಿಯನ್ ಅನ್ನುತ್ತಿದ್ದ. 1901ರಲ್ಲಿ ಕ್ವಾನಾ ಪಾರ್ಕರ್, ಇವನು ನನ್ನ ಸಾಕುಮಗನಾಗಿದ್ದವನು ಎಂದು ಪ್ರಮಾಣಪತ್ರ ಬರೆದುಕೊಟ್ಟ. 1878ರಲ್ಲಿ ಸೈನಿಕರ ಕಾವಲಿನಲ್ಲಿ ಅವನನ್ನು ಬಿಳಿಯರ ಮನೆಗೆ ಕಳಿಸಿಕೊಟ್ಟ ಅದೇ ಸರ್ಕಾರ 1908ರ ಮೇ 29ರಂದು ಕಾಂಗ್ರೆಸ್ಸಿನ ಒಪ್ಪಿಗೆ ಪಡೆದು, ಹರ್ಮನ್ ಲೇಮನ್ ಕಮಾಂಚೆ ಕುಲದ ದತ್ತುಸದಸ್ಯ ಎಂದು ಕಾಗದದ ಮೇಲೆ ಬರೆದು, ಓಕ್ಲಹೋಮಾದಲ್ಲಿ 160 ಎಕರೆ ಜಮೀನು ಮಂಜೂರು ಮಾಡಿತು. ಅವನು ಹೋಗಿ ಗ್ರ್ಯಾಂಡ್‌ಫೀಲ್ಡ್ ಹತ್ತಿರ ಜಾಗ ಆರಿಸಿಕೊಂಡ. ಅದರಲ್ಲಿ ಒಂದಿಷ್ಟನ್ನು ಶಾಲೆಗೆ ಬರೆದುಕೊಟ್ಟ. 1932ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ಲಾಯಲ್ ವ್ಯಾಲಿಯಲ್ಲಿ.